ಬಾದಾಮಿ ಚಾಲುಕ್ಯರ ನೌಕಾಯುದ್ಧಗಳು

ಬಾದಾಮಿ ಚಾಲುಕ್ಯರ ನೌಕಾಯುದ್ಧಗಳು ಎಂದರೆ ಕ್ರಿ.ಶ. 6ನೆಯ ಶತಮಾನದ ಕೊನೆಯಿಂದ 7ನೆಯ ಶತಮಾನದ ಪೂರ್ವಾರ್ಧದವರೆಗಿನ ಅವಧಿಯಲ್ಲಿ, ವಾತಾಪಿಯನ್ನು (ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿ) ರಾಜಧಾನಿಯಾಗಿ ಹೊಂದಿದ್ದ ಚಾಲುಕ್ಯ ಅರಸರು ಕೊಂಕಣ ತೀರದಲ್ಲಿ ನಡೆಸಿದ ಯುದ್ಧಗಳು. ಇವುಗಳಲ್ಲಿ ಎರಡು ಪ್ರಮುಖವಾದವು. ಒಂದು, ಮಂಗಲೇಶನು ರೇವತೀದ್ವೀಪವನ್ನು ವಶಪಡಿಸಿಕೊಂಡದ್ದು. ಇನ್ನೊಂದು, ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರತೀರದ ಪುರಿ ಎಂಬ ಪಟ್ಟಣವನ್ನು ನಾವೆಗಳಿಂದ ಮುತ್ತಿದ್ದು. ಎರಡಕ್ಕೂ ಮುಖ್ಯ ಆಧಾರವು ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿರುವ, ಶಕ ವರ್ಷ 556ರ (ಕ್ರಿ.ಶ. 634-35) ಶಾಸನವಾಗಿದೆ.

ಅರಸರ ಹೆಸರುಗಳು ನಮಗೆ ಚೆನ್ನಾಗಿ ತಿಳಿದಿವೆ. ಆದರೆ ಆ ನಾವೆಗಳನ್ನೇರಿ ಕಾದಿದವರು ಯಾರು, ಕಡಲ ಗಡಿಯನ್ನು ಕಾಯ್ದುಕೊಂಡಿದ್ದವರು ಯಾರು ಎಂಬ ಪ್ರಶ್ನೆಗೆ ಶಾಸನಗಳು ಕೊಡುವ ಉತ್ತರ ಬಹಳ ಕಡಿಮೆ. ಸ್ವಾಮಿರಾಜ, ಧ್ರುವರಾಜ ಇಂದ್ರವರ್ಮ ಎಂಬ ಎರಡು ಹೆಸರುಗಳು ಕೊಂಕಣದ ತಾಮ್ರಪಟಗಳಲ್ಲಿ ದೊರೆಯುತ್ತವೆ. ಮೂರನೆಯದೊಂದು ಐಹೊಳೆ ಶಾಸನದಲ್ಲಿಯೇ ಇದೆಯೆಂದು ಕೆಲವರು ಭಾವಿಸಿದ್ದಾರೆ; ಅದು ಹೆಸರೇ ಅಲ್ಲವೆಂದು ಇತರರು ವಾದಿಸಿದ್ದಾರೆ.

ಭೌಗೋಳಿಕ ಹಿನ್ನೆಲೆ

ಬಾದಾಮಿಯಿಂದ ಪಶ್ಚಿಮ ಕರಾವಳಿಗೆ ನೇರ ದೂರವೇ 200 ಕಿ.ಮೀ.ಗೂ ಹೆಚ್ಚು. ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಸೀಮೆಗೆ ನೀರೆಂದರೆ ಮಲಪ್ರಭೆ ಮತ್ತು ಕೃಷ್ಣೆ. ಜಲವಾಹನವೆಂದರೆ ಹೊಳೆ ದಾಟಿಸುವ ಹರಿಗೋಲು, ತೆಪ್ಪ, ದೋಣಿ. ಇಂತಹ ಒಳನಾಡಿನ ರಾಜ್ಯವೊಂದು ಕಡಲಯುದ್ಧಕ್ಕೆ ಏಕೆ ಇಳಿಯಿತು ಎಂಬುದು ಸಹಜವಾದ ಪ್ರಶ್ನೆ.

ಉತ್ತರದ ಒಂದು ಭಾಗ ಮಲಪ್ರಭೆಯಲ್ಲಿಯೇ ಇದೆ. ಈ ನದಿಯು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ ಹುಟ್ಟಿ, ಪೂರ್ವಕ್ಕೆ ಹರಿದು ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನದಿಯ ಬದಿ ಹಿಡಿದು ಮೇಲಕ್ಕೆ ಹೋದವನು ಘಟ್ಟದ ಅಂಚನ್ನು ಮುಟ್ಟುತ್ತಾನೆ. ಅಲ್ಲಿಂದ ಕೆಳಗಿಳಿದರೆ ಗೋವೆ ಮತ್ತು ದಕ್ಷಿಣ ಕೊಂಕಣ. ಇಂದಿಗೂ ಬೆಳಗಾವಿಯಿಂದ ಚೋರ್ಲಾ ಘಟ್ಟದ ಮೂಲಕ ಗೋವೆಗೆ ಹೋಗುವ ರಸ್ತೆ ಕಣಕುಂಬಿಯನ್ನು ಹಾದೇ ಹೋಗುತ್ತದೆ. ಚಾಲುಕ್ಯರ ಸೈನ್ಯ ಇದೇ ದಾರಿಯಲ್ಲಿ ನಡೆಯಿತೆಂದು ಯಾವ ಶಾಸನವೂ ಹೇಳಿಲ್ಲ. ಆದರೆ ಬಾದಾಮಿಗೆ ಕಡಲು ನಾವು ನಕಾಶೆಯಲ್ಲಿ ಕಾಣುವಷ್ಟು ಅಪರಿಚಿತವಾಗಿರಲಿಲ್ಲ ಎಂಬುದನ್ನು ಈ ಭೂರಚನೆ ತೋರಿಸುತ್ತದೆ.

ಇನ್ನೊಂದು ಭಾಗ ವ್ಯಾಪಾರದ್ದು. ಪಶ್ಚಿಮ ತೀರದ ಬಂದರುಗಳು ಪಾರಸೀಕ ಕೊಲ್ಲಿಯೊಡನೆ ಬಹುಕಾಲದಿಂದ ವ್ಯವಹರಿಸುತ್ತಿದ್ದವು. 6ನೆಯ ಶತಮಾನದ ಗ್ರೀಕ್ ಬರಹಗಾರ ಕಾಸ್ಮಸ್ ಇಂಡಿಕೊಪ್ಲ್ಯೂಸ್ಟಸ್ ಕಲ್ಯಾಣ ಬಂದರನ್ನು ಹೆಸರಿಸಿ ಹೇಳಿದ್ದಾನೆ. ಯುದ್ಧಕ್ಕೆ ಬೇಕಾದ ಉತ್ತಮ ಕುದುರೆಗಳು ಹೊರಗಿನಿಂದ ಬರಬೇಕಾಗಿದ್ದ ಕಾಲದಲ್ಲಿ ಬಂದರು ಯಾರ ಕೈಯಲ್ಲಿದೆ ಎಂಬುದು ಒಳನಾಡಿನ ಅರಸನಿಗೂ ಮುಖ್ಯವಾಗುತ್ತದೆ.

ಮಂಗಲೇಶನ ಅಣ್ಣ ಒಂದನೆಯ ಕೀರ್ತಿವರ್ಮನು (ಆಳ್ವಿಕೆ ಸು. 566-597) ನಳರು, ಕೊಂಕಣದ ಮೌರ್ಯರು ಮತ್ತು ಬನವಾಸಿಯ ಕದಂಬರನ್ನು ಸೋಲಿಸಿದನೆಂದು ಐಹೊಳೆ ಶಾಸನ ಹೇಳುತ್ತದೆ. ಕಡಲ ಕಡೆಗಿನ ಮೊದಲ ಹೆಜ್ಜೆ ಇಲ್ಲಿಯದು. (ಈ ಮೌರ್ಯರು ಪಾಟಲಿಪುತ್ರದ ಅಶೋಕನ ಸಾಮ್ರಾಜ್ಯದ ಅರಸರಲ್ಲ, ಎಂಟು ಶತಮಾನಗಳ ತರುವಾಯ ಅದೇ ಹೆಸರನ್ನು ಹೊತ್ತ ಸ್ಥಳೀಯ ಮನೆತನ.)

ರೇವತೀದ್ವೀಪದ ಯುದ್ಧ

ಮಂಗಲೇಶನು (ಆಳ್ವಿಕೆ ಸು. 597-609) ಗೆದ್ದ ರೇವತೀದ್ವೀಪವನ್ನು ವಿದ್ವಾಂಸರು ಸಾಮಾನ್ಯವಾಗಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ, ವೆಂಗುರ್ಲೆಯ ದಕ್ಷಿಣಕ್ಕಿರುವ ರೇಡಿ ಎಂಬ ಊರೆಂದು ಗುರುತಿಸುತ್ತಾರೆ. ಇಂದಿನ ರೇಡಿ ದ್ವೀಪವಲ್ಲ. ಹಿನ್ನೀರಿನ ಅಳಿವೆಯ ಬಳಿ, ಕಡಲಿಗೆ ಚಾಚಿದ ನೆಲ. ಸಂಸ್ಕೃತದ 'ದ್ವೀಪ' ಶಬ್ದಕ್ಕೆ ಎರಡು ಬದಿ ನೀರಿರುವ ನೆಲ ಎಂಬ ಅರ್ಥವೂ ಇರುವುದರಿಂದ ಈ ಗುರುತಿಸುವಿಕೆಗೆ ಅಡ್ಡಿಯಿಲ್ಲ.

ಐಹೊಳೆ ಶಾಸನದ ಕವಿ ರವಿಕೀರ್ತಿಯು ಈ ಮುತ್ತಿಗೆಯನ್ನು ವರ್ಣಿಸುವಾಗ, ಕೋಟೆಯನ್ನೇರಿದ ಪತಾಕೆಗಳ ಸೈನ್ಯವು ಸಮುದ್ರದ ನೀರಿನಲ್ಲಿ ಪ್ರತಿಬಿಂಬಿಸಿ, ವರುಣನ ಸೈನ್ಯವೇ ಅರಸನ ಅಪ್ಪಣೆಗೆ ಒಡನೆ ಎದ್ದುಬಂದಂತೆ ಕಂಡಿತೆಂಬ ಕಲ್ಪನೆಯನ್ನು ಮಾಡುತ್ತಾನೆ. ಇದನ್ನು ಓದುವಾಗ ಒಂದು ಎಚ್ಚರ ಬೇಕು. ಈ ಪದ್ಯದಲ್ಲಿ ಕೋಟೆ ಇದೆ, ಕಡಲಿದೆ, ಸೈನ್ಯವಿದೆ, ನಾವೆಯ ಮಾತಿಲ್ಲ. ಮಂಗಲೇಶನು 'ನೌಕಾಪಡೆಯೊಡನೆ' ರೇವತೀದ್ವೀಪವನ್ನು ಗೆದ್ದನೆಂದು ಅನೇಕ ಪುಸ್ತಕಗಳು ಬರೆಯುತ್ತವೆ. ಅದು ಸಂಭವನೀಯ, ಆದರೆ ಊಹೆ.

ಸ್ವಾಮಿರಾಜ

ಕುಡಾಳದ ಬಳಿಯ ನೇರೂರಿನಲ್ಲಿ ದೊರೆತ ಮಂಗಲೇಶನ ತಾಮ್ರಪಟವು ಅವನ ಎರಡು ವಿಜಯಗಳನ್ನು ಹೇಳುತ್ತದೆ. ಕಲಚೂರಿ ಶಂಕರಗಣನ ಮಗ ಬುದ್ಧರಾಜನನ್ನು ಅವನು ಓಡಿಸಿದನು. ಚಾಲುಕ್ಯ ವಂಶದವನೇ ಆದ, ಹದಿನೆಂಟು ಯುದ್ಧಗಳಲ್ಲಿ ಜಯ ಪಡೆದ ಸ್ವಾಮಿರಾಜನನ್ನು ಕೊಂದನು. ಈ ಸ್ವಾಮಿರಾಜನ ಬಗೆಗೆ ನಮಗೆ ತಿಳಿದಿರುವುದು ಇಷ್ಟೇ. ಶಾಸನ ದೊರೆತ ಸ್ಥಳವನ್ನೂ ಅದರಲ್ಲಿ ದತ್ತಿಯಾದ ಗ್ರಾಮವು ಕೊಂಕಣದಲ್ಲಿದ್ದುದನ್ನೂ ಗಮನಿಸಿ, ಈತನು ರೇವತೀದ್ವೀಪದಲ್ಲಿ ಅಧಿಕಾರದಲ್ಲಿದ್ದನೆಂದೂ, ಬಹುಶಃ ಕೀರ್ತಿವರ್ಮನೇ ಅವನನ್ನು ಅಲ್ಲಿ ನೇಮಿಸಿದ್ದನೆಂದೂ ಇತಿಹಾಸಕಾರರು ಊಹಿಸಿದ್ದಾರೆ. ಹಾಗಿದ್ದರೆ ರೇವತೀದ್ವೀಪದ ಯುದ್ಧವು ಪರರ ನಾಡನ್ನು ಗೆದ್ದ ಕಥೆಯಲ್ಲ. ಒಂದೇ ಮನೆತನದೊಳಗಿನ ಬಿರುಕು. ಹದಿನೆಂಟು ಯುದ್ಧಗಳ ಅನುಭವವಿದ್ದ ಸೇನಾನಿಯ ಕೀರ್ತಿಯನ್ನು ದಾಖಲಿಸಿದ್ದು ಅವನನ್ನು ಕೊಂದ ಅರಸನ ಶಾಸನವೇ ಎಂಬುದು ವಿಚಿತ್ರ. ಶತ್ರುವು ದೊಡ್ಡವನಾದಷ್ಟೂ ಗೆಲವು ದೊಡ್ಡದು ಎಂಬ ಲೆಕ್ಕಾಚಾರ ಇಲ್ಲಿ ಕೆಲಸ ಮಾಡಿರಬೇಕು.

ಧ್ರುವರಾಜ ಇಂದ್ರವರ್ಮ

ಇದೇ ರೇವತೀದ್ವೀಪದಲ್ಲಿ ನೆಲೆಸಿ ಆಡಳಿತ ನಡೆಸಿದವನು ಸತ್ಯಾಶ್ರಯ ಧ್ರುವರಾಜ ಇಂದ್ರವರ್ಮ. ಗೋವೆಯಲ್ಲಿ ದೊರೆತ ಶಕ 532ರ (ಕ್ರಿ.ಶ. 610-11) ಅವನ ತಾಮ್ರಪಟದಲ್ಲಿ, ಅವನು ಬಪ್ಪೂರ ವಂಶದವನು, ನಾಲ್ಕು ವಿಷಯಮಂಡಲಗಳ ಅಧಿಪತಿ ಎಂದು ಹೇಳಿದೆ. ಪೃಥ್ವೀವಲ್ಲಭ ಮಹಾರಾಜನ ಒಪ್ಪಿಗೆ ಪಡೆದು ಖೇಟಾಹಾರ ದೇಶದ ಕಾರೆಲ್ಲಿಕಾ ಗ್ರಾಮವನ್ನು ಅವನು ದಾನ ಕೊಟ್ಟಿದ್ದಾನೆ. ಖೇಟಾಹಾರವೆಂದರೆ ಇಂದಿನ ರತ್ನಾಗಿರಿ ಜಿಲ್ಲೆಯ ಖೇಡ್ ಸುತ್ತಲಿನ ಪ್ರದೇಶ. ರೇಡಿಯಿಂದ ಖೇಡಿನವರೆಗೆ ಎಂದರೆ ಕೊಂಕಣದ ಬಹುಪಾಲು ತೀರ ಇವನ ಕೈಯಲ್ಲಿತ್ತು.

ಬಪ್ಪೂರ ವಂಶವು ಬಾದಾಮಿಗೆ ಹೊಸದಲ್ಲ. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಇದೇ ವಂಶದವಳೆಂದು ಬಾದಾಮಿ ತಾಲ್ಲೂಕಿನ ಮಹಾಕೂಟದ ಸ್ತಂಭಶಾಸನದಿಂದ ತಿಳಿಯುತ್ತದೆ (ಆ ಸ್ತಂಭ ಈಗ ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ). ಅಂದರೆ, ಕಡಲ ಗಡಿಯನ್ನು ಅರಸನು ತನ್ನ ಅಜ್ಜಿಯ ಅಥವಾ ತಾಯಿಯ ತೌರಿನ ಕಡೆಯವರಿಗೆ ಒಪ್ಪಿಸಿದ್ದನು. ಸ್ವಾಮಿರಾಜನ ಪ್ರಕರಣದ ನಂತರ ನಂಬಿಕೆಯ ಮನುಷ್ಯನನ್ನು ಹುಡುಕಿದ್ದರಲ್ಲಿ ಆಶ್ಚರ್ಯವಿಲ್ಲ.

ತಾಮ್ರಪಟದಲ್ಲಿ 'ಇಪ್ಪತ್ತನೆಯ ವರ್ಷ' ಎಂಬ ಉಲ್ಲೇಖವೂ ಇದೆ. ಇದು ಯಾರ ಇಪ್ಪತ್ತನೆಯ ವರ್ಷ? ಹಿಂದೆ ಇದನ್ನು ಮಂಗಲೇಶನ ಆಳ್ವಿಕೆಯ ವರ್ಷವೆಂದು ಎಣಿಸಿದ್ದುಂಟು. ಆದರೆ ಮಂಗಲೇಶನು ಪಟ್ಟಕ್ಕೆ ಬಂದದ್ದು ಸುಮಾರು 597ರಲ್ಲಿ ಎಂದಾದರೆ 610-11ಕ್ಕೆ ಇಪ್ಪತ್ತು ವರ್ಷ ತುಂಬುವುದಿಲ್ಲ. ಆದ್ದರಿಂದ ಇದು ಇಂದ್ರವರ್ಮನ ಸ್ವಂತ ಅಧಿಕಾರದ ಇಪ್ಪತ್ತನೆಯ ವರ್ಷವೆಂಬುದು ಹೆಚ್ಚು ಹೊಂದುತ್ತದೆ. ಈ ಲೆಕ್ಕದಂತೆ ಅವನು ಸುಮಾರು 590-91ರಲ್ಲಿ, ಕೀರ್ತಿವರ್ಮನ ಕಾಲದಲ್ಲಿ ಅಧಿಕಾರಕ್ಕೆ ಬಂದು, ಮಂಗಲೇಶನ ಆಳ್ವಿಕೆಯನ್ನೂ, ಮಂಗಲೇಶ ಮತ್ತು ಪುಲಕೇಶಿಯ ನಡುವಿನ ಅಂತಃಕಲಹವನ್ನೂ ದಾಟಿ ಉಳಿದವನು. ಮೂವರು ಅರಸರ ಕಾಲ ಕಂಡ ಅಧಿಕಾರಿ. ಆ ಇಪ್ಪತ್ತು ವರ್ಷಗಳನ್ನೂ ಅವನು ರೇವತೀದ್ವೀಪದಲ್ಲಿಯೇ ಕಳೆದನೆಂದು ಶಾಸನ ಹೇಳುವುದಿಲ್ಲ. ಪುರಿಯ ಮುತ್ತಿಗೆಯಲ್ಲಿ ಅವನು ಭಾಗವಹಿಸಿದ್ದನೆಂದೂ ಎಲ್ಲಿಯೂ ಬರೆದಿಲ್ಲ. ಆದರೂ ಪುಲಕೇಶಿ ಉತ್ತರ ಕೊಂಕಣದ ಮೇಲೆ ಹೊರಟಾಗ, ಬಂದರು, ನಾವೆ ಮತ್ತು ಅವನ್ನು ನಡೆಸಬಲ್ಲ ಜನ ಇದ್ದದ್ದು ಇವನು ಕಾಯ್ದುಕೊಂಡಿದ್ದ ದಕ್ಷಿಣದ ತೀರದಲ್ಲಿಯೇ.

ಪುರಿಯ ಮುತ್ತಿಗೆ

ಇಮ್ಮಡಿ ಪುಲಕೇಶಿಯ (ಆಳ್ವಿಕೆ ಸು. 610-642) ದಂಡಯಾತ್ರೆಗಳನ್ನು ರವಿಕೀರ್ತಿ ಒಂದಾದ ಮೇಲೊಂದರಂತೆ ಹೇಳುತ್ತಾ ಹೋಗುತ್ತಾನೆ. ಕೊಂಕಣದ ಮೌರ್ಯರನ್ನು ಹಳ್ಳದ ನೀರಿಗೂ, ಅವರ ಮೇಲೆ ಬಿದ್ದ ಚಾಲುಕ್ಯ ಸೈನ್ಯವನ್ನು ಕಡಲ ಅಲೆಗೂ ಹೋಲಿಸಿದ ನಂತರ ಪುರಿಯ ವರ್ಣನೆ ಬರುತ್ತದೆ. ಪುರಿಯನ್ನು ಪಶ್ಚಿಮ ಸಮುದ್ರದ ಲಕ್ಷ್ಮಿ ಎಂದು ಕರೆದು, ಮದಿಸಿದ ಆನೆಗಳ ಹಿಂಡಿನಂತಿದ್ದ ನೂರಾರು ನಾವೆಗಳಿಂದ ಅರಸನು ಅದನ್ನು ಮುತ್ತಿದಾಗ, ಮೋಡ ಕವಿದ ಆಕಾಶ ಕಡಲಿನಂತೆಯೂ ಕಡಲು ಆಕಾಶದಂತೆಯೂ ತೋರಿತೆಂದು ಕವಿ ಹೇಳುತ್ತಾನೆ. ಚಾಲುಕ್ಯರ ನೌಕಾಬಲದ ಬಗೆಗೆ ಇಂದು ಬರೆಯಲಾಗುವ ಎಲ್ಲ ಮಾತುಗಳಿಗೂ ಮೂಲ ಈ ಒಂದು ಪದ್ಯ.

ಒಂದು ಪದ್ಯದ ಮೇಲೆ ಎಷ್ಟು ಭಾರ ಹೊರಿಸಬಹುದು? ಅದೇ ಶಾಸನದ ಬೇರೆ ಪದ್ಯಗಳನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯ ಪರೀಕ್ಷೆ. ಬನವಾಸಿಯ ಮುತ್ತಿಗೆಯಲ್ಲಿ ಪುಲಕೇಶಿಯ ಸೈನ್ಯವೇ ಕಡಲಾಗಿ, ನೆಲದ ಮೇಲಿನ ಕೋಟೆ ಜಲದುರ್ಗದಂತೆ ಕಂಡಿತೆನ್ನುತ್ತಾನೆ ಕವಿ. ಕಾವೇರಿಯನ್ನು ದಾಟುವಾಗ ಆನೆಗಳ ಸಾಲೇ ಸೇತುವೆಯಾಗಿ ಪ್ರವಾಹವನ್ನು ತಡೆಯುತ್ತದೆ. ನೆಲವನ್ನು ನೀರಾಗಿಸುವುದು, ನೀರನ್ನು ನೆಲವಾಗಿಸುವುದು ರವಿಕೀರ್ತಿಗೆ ಪ್ರಿಯವಾದ ತಂತ್ರ. ಕಾವೇರಿಯಲ್ಲಿ ಆನೆ ಸೇತುವೆಯಾದರೆ ಪುರಿಯಲ್ಲಿ ನಾವೆ ಆನೆಯಾಗುತ್ತದೆ. ಒಳನಾಡಿನ ಓದುಗನಿಗೆ ಕಡಲನಾವೆ ಕಂಡ ವಸ್ತುವಲ್ಲ. ಆನೆ ಕಂಡ ವಸ್ತು. ಹೀಗಿದ್ದರೂ ಬನವಾಸಿಯ ಪದ್ಯದಲ್ಲಿ ಕಡಲು ಬರಿಯ ಉಪಮಾನ. ಪುರಿಯ ಪದ್ಯದಲ್ಲಿ ನಾವೆಗಳೇ ಉಪಮೇಯ, ಆನೆ ಉಪಮಾನ. ಅಲಂಕಾರವನ್ನು ತೆಗೆದುಹಾಕಿದರೆ ಬನವಾಸಿಯಲ್ಲಿ ನೀರು ಉಳಿಯುವುದಿಲ್ಲ, ಪುರಿಯಲ್ಲಿ ನಾವೆ ಉಳಿಯುತ್ತದೆ. ಆದ್ದರಿಂದ ನಾವೆಗಳಿದ್ದುದು ವಾಸ್ತವವೆಂದು ಒಪ್ಪಬಹುದು; 'ನೂರಾರು' ಎಂಬ ಸಂಖ್ಯೆಯನ್ನು ಲೆಕ್ಕವಾಗಿ ತೆಗೆದುಕೊಳ್ಳಲಾಗದು.

ಮುತ್ತಿಗೆ ಯಾವ ವರ್ಷ ನಡೆಯಿತೆಂಬುದನ್ನು ಶಾಸನ ತಿಳಿಸುವುದಿಲ್ಲ. 610ರ ನಂತರ, 634-35ಕ್ಕೆ ಮೊದಲು ಎಂಬುದಷ್ಟೇ ಖಚಿತ.

ಚಂಡದಂಡ: ಒಂದು ಪದ, ಎರಡು ಓದು

ಮೌರ್ಯರನ್ನು ಕುರಿತ ಪದ್ಯದಲ್ಲಿ 'ಚಂಡದಂಡ' ಎಂಬ ಪದವಿದೆ. ಶಾಸನವನ್ನು ಮೊದಲು ಅಭ್ಯಸಿಸಿದ ಜೆ. ಎಫ್. ಫ್ಲೀಟ್ ಇದನ್ನು ಪುಲಕೇಶಿಯ ಅಪ್ಪಣೆಯಂತೆ ಕೊಂಕಣಕ್ಕೆ ಹೋದ ದಂಡನಾಯಕನ ಹೆಸರೆಂದು ತಿಳಿದರು. ನಂತರ ಎಪಿಗ್ರಾಫಿಯಾ ಇಂಡಿಕಾದ ಆರನೆಯ ಸಂಪುಟದಲ್ಲಿ ಶಾಸನವನ್ನು ಮತ್ತೆ ಸಂಪಾದಿಸಿದ ಎಫ್. ಕೀಲ್‌ಹಾರ್ನ್ ಇದನ್ನು 'ಉಗ್ರವಾದ ಸೈನ್ಯ' ಎಂಬ ಸಾಮಾನ್ಯ ಅರ್ಥದಲ್ಲಿ ಓದಿದರು. ದಂಡ ಎಂದರೆ ಸೈನ್ಯ, ಚಂಡ ಎಂದರೆ ಉಗ್ರ. ವ್ಯಾಕರಣಕ್ಕೆ ಎರಡೂ ಒಪ್ಪುತ್ತವೆ. ಪದ್ಯದ ಅಲೆ-ಹಳ್ಳಗಳ ರೂಪಕದೊಳಗೆ ಕೀಲ್‌ಹಾರ್ನ್ ಅವರ ಓದು ಸಲೀಸಾಗಿ ಕೂರುತ್ತದೆ. ಆದರೂ ಕನ್ನಡದ ಹಲವು ಪುಸ್ತಕಗಳಲ್ಲಿ ಚಂಡದಂಡನು ಪುಲಕೇಶಿಯ ನೌಕಾಸೇನಾಪತಿಯಾಗಿ ಇಂದಿಗೂ ಕಾಣಿಸಿಕೊಳ್ಳುತ್ತಾನೆ. ಪುರಿಯ ನಾವೆಗಳಲ್ಲಿದ್ದವರ ಪೈಕಿ ಒಬ್ಬನ ಹೆಸರಾದರೂ ಇರಲಿ ಎಂಬ ಆಸೆ ಅರ್ಥವಾಗುವಂಥದು. ಆದರೆ ಆಸೆ ಆಧಾರವಾಗುವುದಿಲ್ಲ.

ಇಲ್ಲಿ ಬಾದಾಮಿಯದೇ ಇನ್ನೊಂದು ಶಾಸನವನ್ನು ನೆನೆಯಬೇಕು. ಅಗಸ್ತ್ಯತೀರ್ಥದ ಬದಿಯ ತಟ್ಟುಕೋಟೆಯ ಬಂಡೆಯ ಮೇಲೆ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿಯ ಪ್ರಾಚೀನ ಮಾದರಿಯೆಂದು ಅದು ಪ್ರಸಿದ್ಧ. ಅರಸನಲ್ಲದ ಒಬ್ಬ ವೀರನ ಹೆಸರನ್ನೂ ಸ್ವಭಾವವನ್ನೂ ಕನ್ನಡದಲ್ಲಿಯೇ ಕೆತ್ತಿ ಉಳಿಸಿದ ಸೀಮೆ ಇದು. ಪುರಿಯ ಕಡಲಿನಲ್ಲಿ ಸತ್ತವರಿಗೆ ಅಂತಹ ಕಲ್ಲು ದೊರೆತಿಲ್ಲ.

ನಾವೆಗಳು ಮತ್ತು ನಾವಿಕರು

ನಾವೆಗಳ ಅಳತೆ, ಹುಟ್ಟುಗಳ ಸಂಖ್ಯೆ, ಹಾಯಿಯ ಬಗೆ ಯಾವುದನ್ನೂ ಶಾಸನ ಹೇಳುವುದಿಲ್ಲ. ಸಂಸ್ಕೃತದ 'ನೌ' ಶಬ್ದವು ಹೊಳೆಯ ದೋಣಿಯಿಂದ ಕಡಲ ಹಡಗಿನವರೆಗೆ ಎಲ್ಲಕ್ಕೂ ಸಲ್ಲುತ್ತದೆ. ಆ ಕಾಲದ ಪಶ್ಚಿಮ ತೀರದ ನಾವೆಗಳ ಬಗೆಗೆ ಹೊರಗಿನ ಸಾಕ್ಷ್ಯವೊಂದಿದೆ. 6ನೆಯ ಶತಮಾನದ ಇತಿಹಾಸಕಾರ ಪ್ರೊಕೋಪಿಯಸ್, ಭಾರತದ ಕಡಲಿನ ನಾವೆಗಳನ್ನು ಕಬ್ಬಿಣದ ಮೊಳೆಯಿಂದಲ್ಲ, ಹಗ್ಗದಿಂದ ಬಿಗಿದು ಕಟ್ಟುತ್ತಾರೆಂದು ಬರೆದಿದ್ದಾನೆ. ಹಲಗೆಗಳಿಗೆ ತೂತು ಕೊರೆದು ತೆಂಗಿನ ನಾರಿನ ಹಗ್ಗದಿಂದ ಹೊಲಿಯುವ ಈ ಪದ್ಧತಿ ಪಶ್ಚಿಮ ಕರಾವಳಿಯಲ್ಲಿ ಬಹುಕಾಲ ಉಳಿದಿತ್ತು. ಹೊಲಿದ ನಾವೆ ಮರಳಿಗೆ ಬಡಿದಾಗ ಬಿರಿಯದೆ ಬಾಗುತ್ತದೆ. ಅಳಿವೆ, ಉಸುಕಿನ ದಿಬ್ಬ, ಭರತ-ಇಳಿತಗಳ ಕೊಂಕಣಕ್ಕೆ ಅದು ತಕ್ಕದ್ದು. ಮರಕ್ಕೆ ಘಟ್ಟದ ತೇಗ ಹತ್ತಿರದಲ್ಲಿಯೇ ಇತ್ತು. ಅಜಂತೆಯ ಎರಡನೆಯ ಗುಹೆಯಲ್ಲಿ ಮೂರು ಕೂವೆಗಳ ಹಡಗೊಂದರ ಚಿತ್ರವಿದೆ. ಅದು ವ್ಯಾಪಾರದ ಹಡಗೇ ಹೊರತು ಯುದ್ಧದ್ದಲ್ಲ.

ಬಂದರನ್ನು ಮುತ್ತುವ ಯುದ್ಧಕ್ಕೆ ದೊಡ್ಡ ಹಡಗುಗಳಿಗಿಂತ, ಆಳವಿಲ್ಲದ ನೀರಿನಲ್ಲಿ ಹುಟ್ಟು ಹಾಕಿ ಸಾಗಿಸಬಲ್ಲ ಚಿಕ್ಕ ನಾವೆಗಳೇ ಹೆಚ್ಚು ಉಪಯುಕ್ತ. ಸೈನಿಕರನ್ನು ದಡಕ್ಕೆ ಇಳಿಸುವುದು, ಊರಿಗೆ ಬರುವ ಧಾನ್ಯವನ್ನು ತಡೆಯುವುದು, ಹೊರಹೋಗುವ ದಾರಿಯನ್ನು ಕಟ್ಟುವುದು ಅವುಗಳ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲು ಇಂತಹ ನಾವೆಗಳಿಗೆ ಮುಚ್ಚಿದ ಬಾಗಿಲು. ಕವಿಯು ಹೇಳಿದ ದಟ್ಟ ಮೋಡಗಳನ್ನು ನೋಡಿ ಮುತ್ತಿಗೆ ಮಳೆಗಾಲದಲ್ಲಿ ನಡೆಯಿತೆಂದು ತಿಳಿಯುವುದು ಸರಿಯಲ್ಲ. ಮೋಡ ಕಾವ್ಯದ್ದು.

ನಾವೆ ನಡೆಸಿದವರು ಬಾದಾಮಿ ಸೀಮೆಯವರಾಗಿರುವುದು ಅಸಂಭವ. ಮಲಪ್ರಭೆಯ ಅಂಬಿಗನಿಗೆ ಹೊಳೆಯ ಸುಳಿ ಗೊತ್ತು, ಕಡಲ ಭರತ ಗೊತ್ತಿಲ್ಲ. ಚುಕ್ಕಾಣಿ ಹಿಡಿದವರು ಕರಾವಳಿಯ ಬೆಸ್ತರು ಮತ್ತು ವ್ಯಾಪಾರಿ ನಾವಿಕರು, ನಾವೆಯ ಮೇಲೆ ನಿಂತು ಕಾದಿದವರಲ್ಲಿ ಘಟ್ಟದ ಮೇಲಿನವರೂ ಇದ್ದರು ಎಂದು ಭಾವಿಸುವುದು ಹೆಚ್ಚು ಸಮಂಜಸ. ಚಾಲುಕ್ಯರಿಗೆ ಸದಾ ಸಜ್ಜಾಗಿದ್ದ ಪ್ರತ್ಯೇಕ ನೌಕಾಪಡೆ ಇತ್ತೋ, ಬೇಕಾದಾಗ ಬಂದರುಗಳಿಂದ ನಾವೆಗಳನ್ನು ಕೂಡಿಸುತ್ತಿದ್ದರೋ ಎಂಬುದನ್ನು ನಿರ್ಣಯಿಸಲು ಈ ಒಂದು ಪದ್ಯ ಸಾಲದು.

ಕಡಲಯುದ್ಧದ ಯೋಧರನ್ನು ಕಲ್ಲಿನಲ್ಲಿ ಕಾಣಬೇಕೆನ್ನುವವರು ಮುಂಬಯಿಯ ಬೋರಿವಲಿ ಬಳಿಯ ಏಕಸರದ ವೀರಗಲ್ಲುಗಳನ್ನು ನೋಡಬಹುದು. ಹುಟ್ಟು ಹಾಕುವ ಹಡಗುಗಳ ಸಾಲು, ಹಡಗುಗಳ ಮೇಲಿನ ಹೋರಾಟ, ಮೇಲೆ ಶಿವಸಾನ್ನಿಧ್ಯ ಪಡೆದ ವೀರ ಇವುಗಳಲ್ಲಿ ಕೆತ್ತಲ್ಪಟ್ಟಿವೆ. ಅವು ಪುಲಕೇಶಿಯ ಕಾಲದವಲ್ಲ. ಶಿಲಾಹಾರರ ಕಾಲದವು, ಕನಿಷ್ಠ ನಾಲ್ಕು ಶತಮಾನ ಈಚಿನವು.

ಪುರಿ ಎಲ್ಲಿತ್ತು

ಪುರಿಯ ಸ್ಥಳದ ಬಗೆಗೆ ಒಮ್ಮತವಿಲ್ಲ. ಮುಂಬಯಿ ಬಂದರಿನೊಳಗಿನ ಘಾರಾಪುರಿ (ಎಲಿಫೆಂಟಾ) ದ್ವೀಪವೆಂಬ ಅಭಿಪ್ರಾಯ ಹೆಚ್ಚು ಪ್ರಚಲಿತ. ಜಂಜೀರಾ ಬಳಿಯ ರಾಜಪುರಿ, ಸಾಷ್ಟಿ ದ್ವೀಪದ ಸ್ಥಳಗಳು ಇತರ ಸೂಚನೆಗಳು. ಉತ್ತರ ಕೊಂಕಣದ ಶಿಲಾಹಾರರ ಶಾಸನಗಳಲ್ಲಿಯೂ ಪುರಿಯ ಹೆಸರು ಮುಂದುವರಿಯುವುದರಿಂದ ಅದು ಅಳಿದುಹೋದ ಊರಲ್ಲ. ಘಾರಾಪುರಿ ಚಿಕ್ಕ ದ್ವೀಪ, ರಾಜಧಾನಿಗೆ ಸಾಲದು ಎಂಬ ಆಕ್ಷೇಪಕ್ಕೆ ಬಲವಿದೆ.

ಮುಂದಿನ ಬೆಳವಣಿಗೆ

ಐಹೊಳೆ ಶಾಸನ ಕೆತ್ತಿದ ಒಂದೆರಡು ವರ್ಷಗಳಲ್ಲಿ, ಸುಮಾರು 636ರಲ್ಲಿ, ಬಹರೈನ್ ಮತ್ತು ಒಮಾನಿನ ಅರಬ್ ಅಧಿಪತಿ ಕಳುಹಿಸಿದ ನಾವೆಗಳು ಠಾಣೆಯ ಮೇಲೆ ದಾಳಿ ನಡೆಸಿದವೆಂದು ಅಲ್-ಬಲಾಧುರಿ ಬರೆದಿದ್ದಾನೆ. ಅಪ್ಪಣೆಯಿಲ್ಲದೆ ಜನರನ್ನು ಕಡಲಿಗೆ ಕಳಿಸಿದ್ದಕ್ಕೆ ಖಲೀಫ ಉಮರ್ ಸಿಟ್ಟಾದನಂತೆ. ಪುಲಕೇಶಿ ಮುತ್ತಿದ ತೀರ ಎಷ್ಟು ಬೆಲೆಯುಳ್ಳದ್ದಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಪುಲಕೇಶಿಯ ಮೊಮ್ಮಗ ವಿನಯಾದಿತ್ಯನು ಕವೇರ, ಪಾರಸೀಕ, ಸಿಂಹಳ ದ್ವೀಪಗಳ ಅರಸರಿಂದ ಕಪ್ಪ ಪಡೆದನೆಂದು ಚಾಲುಕ್ಯ ಶಾಸನಗಳು ಹೇಳುತ್ತವೆ. ಇದು ಬಹುಮಟ್ಟಿಗೆ ಪ್ರಶಸ್ತಿಯ ಮಾತೆಂದು ಪರಿಗಣಿತವಾಗಿದೆ. ಐಹೊಳೆಯ ಹೆಸರು ನಿಜವಾಗಿ ಕಡಲು ದಾಟಿದ್ದು ಸೈನ್ಯದಿಂದಲ್ಲ, ವ್ಯಾಪಾರದಿಂದ: ಅಯ್ಯಾವೊಳೆ ಐನೂರ್ವರ ಸಂಘದ 1088ರ ತಮಿಳು ಶಾಸನವೊಂದು ಸುಮಾತ್ರದ ಬಾರುಸ್ ಬಳಿ ದೊರೆತಿದೆ.

ಪ್ರಚಲಿತ ತಪ್ಪು ತಿಳಿವಳಿಕೆಗಳು

ವಿದ್ಯಾರ್ಥಿಗಳು ಈ ಪುರಿಯನ್ನು ಒಡಿಶಾದ ಜಗನ್ನಾಥ ಪುರಿಯೆಂದು ಬರೆಯುವುದುಂಟು. ಶಾಸನವು ಪಶ್ಚಿಮ ಸಮುದ್ರವೆಂದು ಸ್ಪಷ್ಟವಾಗಿ ಹೇಳಿದೆ. ಪುಲಕೇಶಿಯದು ಭಾರತದ ಮೊದಲ ನೌಕಾಪಡೆ ಎಂಬ ಮಾತಿಗೂ ಆಧಾರವಿಲ್ಲ. ಅಜಂತೆಯ ಒಂದನೆಯ ಗುಹೆಯ ಚಿತ್ರವೊಂದನ್ನು ಪುಲಕೇಶಿಯ ಸಭೆಗೆ ಬಂದ ಪಾರಸೀಕ ರಾಯಭಾರಿಗಳದ್ದೆಂದು ಹಳೆಯ ಪಠ್ಯಗಳು ವಿವರಿಸುತ್ತಿದ್ದವು. ಈಗ ಬಹುಪಾಲು ವಿದ್ವಾಂಸರು ಆ ಗುಹೆಯ ಚಿತ್ರಗಳನ್ನು ಅದಕ್ಕಿಂತ ಹಿಂದಿನವೆಂದು ಎಣಿಸುತ್ತಾರೆ.

ಶಾಸನದ ಸ್ಥಳ

ಮೇಗುಟಿ ಬಸದಿಯು ಐಹೊಳೆ ಊರಿನ ಪಕ್ಕದ ಗುಡ್ಡದ ಮೇಲಿದೆ, ಮೆಟ್ಟಿಲುಗಳಿವೆ. ಬಾದಾಮಿಯಿಂದ ಬರುವವರು ಪಟ್ಟದಕಲ್ಲಿನ ಮೂಲಕ ಸುಮಾರು 35 ಕಿ.ಮೀ. ಕ್ರಮಿಸಬೇಕು. ಇಳಕಲ್, ಹುನಗುಂದ ಕಡೆಯವರಿಗೆ ಅಮೀನಗಡದ ಮೂಲಕ ದಾರಿ. ಶಾಸನ ಬಸದಿಯ ಪೂರ್ವದ ಹೊರಗೋಡೆಯಲ್ಲಿದೆ. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡ, ಒಟ್ಟು 19 ಸಾಲು. ಗೋಡೆ ಪೂರ್ವಕ್ಕಿರುವುದರಿಂದ ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರಗಳು ಚೆನ್ನಾಗಿ ಎದ್ದು ಕಾಣುತ್ತವೆ. ಮಧ್ಯಾಹ್ನ ಹೋದವರಿಗೆ ಅವು ಅಷ್ಟು ಸುಲಭವಾಗಿ ದಕ್ಕುವುದಿಲ್ಲ.